ಪುಟ ಎಂಬತ್ತೆಂಟರ ಕ್ಯಾಪ್ಟನ್

ಎಲ್ಪಿಡಿಯೊ ಸುಮಗಯ್ಸಾಯ್‌ನ ತಲೆ ಯಾವ ದಿನ ಕೆಟ್ಟಿತು ಎಂಬುದನ್ನು ನಾನು ಗಳಿಗೆ ಸಮೇತ ಹೇಳಬಲ್ಲೆ. ಅಕ್ಟೋಬರ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಒಂದೂವರೆ. ಅವನ ಹೆಂಡತಿ ರೊಸೆಂದಾಳ ಹುಟ್ಟುಹಬ್ಬದ ಊಟ. ಹಂದಿಮಾಂಸದ ಅದೋಬೊ ಮುಗಿದು ಬಾಳೆಹಣ್ಣು ಇನ್ನೂ ಬಂದಿರಲಿಲ್ಲ. ಆ ನಡುವಿನ ಬಿಡುವಿನಲ್ಲಿ ಅವನ ಷಡ್ಡಕ ಹೆರ್ಮೊಹೆನೆಸ್ ಬಾಯಿ ತೆರೆದರು.

ಹೆರ್ಮೊಹೆನೆಸ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಹಲ್ಲಿನ ಸಂದಿ ಕೆದಕುವಾಗಲೂ ವಿದ್ಯಾರ್ಥಿಗಳು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆ ಎಂಬ ಭಾವ ಅವರ ಮುಖದಲ್ಲಿರುತ್ತದೆ.

"ವಿಜ್ಞಾನ ಕಾದಂಬರಿ ಅಂದ್ರೆ ಎಲ್ಲರ ತಲೆಗೂ ಹತ್ತೋದಲ್ಲ," ಎಂದರು. "ಅದಕ್ಕೆ ತಯಾರಿ ಬೇಕು. ಒಂದೊಂದು ಅಧ್ಯಾಯ ಮುಗಿದಾಗ್ಲೂ ಮನಸ್ಸಿಗೆ ಏನಾಯ್ತು ಅಂತ ಬರೆದಿಡಬೇಕು. ನಮ್ಮ ಲೈಬ್ರರೀಲಿ ಒಂದು ಹಸಿರು ರಟ್ಟಿನ ದಪ್ಪ ಪುಸ್ತಕ ಇದೆ, ನಕ್ಷತ್ರಕ್ಕೆ ಹೋಗೋ ಹಡಗಿಂದು. ಅದನ್ನ ನಾನು ಮೂರು ಸಲ ಓದಿದೀನಿ."

"ನಾನೂ ದಿನಾ ಓದ್ತೀನಿ, ನೊಂಗ್," ಎಂದ ಎಲ್ಪಿಡಿಯೊ.

ಹಿರಿಯ ಗಂಡಸರನ್ನು ನಾವು ನೊಂಗ್, ಹೆಂಗಸರನ್ನು ನಾಂಗ್ ಎಂದೇ ಕರೆಯುವುದು. ಆದರೆ ಆ ದಿನ ಆ ಗೌರವ ಯಾವ ಉಪಯೋಗಕ್ಕೂ ಬರಲಿಲ್ಲ.

"ನೀನು ಓದೋದು ನೀರಿನ ಮೀಟರು, ಪಿದ್ಯೊ! ಅದ್ರಲ್ಲಿ ಬರೋದು ಐದು ಅಂಕಿ. ಕಥೆ ಎಲ್ಲಿಂದ ಬರ್ಬೇಕು?"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ರೊಸೆಂದಾಳೂ ನಕ್ಕಳು. ನಾನೂ ನಕ್ಕೆ, ಊಟ ಹಾಕಿದ್ದು ಪಿದ್ಯೊ ಆದರೂ ಹಾಸ್ಯ ಮಾಡಿದ್ದು ಹಿರಿಯರಲ್ಲವೇ? ಪಿದ್ಯೊ ಮಾತ್ರ ಬಾಳೆಹಣ್ಣು ಮುಟ್ಟದೆ ಎದ್ದ. ಮರುದಿನ ಬೆಳಿಗ್ಗೆ ಎಂಟಕ್ಕೆ ಪುರಸಭೆಯ ಲೈಬ್ರರಿಯ ಬಾಗಿಲು ತೆಗೆದಾಗ, ನೀರಿನ ಕಚೇರಿಯ ನೀಲಿ ಅಂಗಿ ತೊಟ್ಟು ಅವನೇ ಮೊದಲು ನಿಂತಿದ್ದನಂತೆ.

ಸಾನ್ ಬೆರ್ನಾಬೆ ಊರಿನ ಒಂದು ಬಡಾವಣೆಯಾದ ನಮ್ಮ ಬಾರಂಗಾಯ್‌ನಲ್ಲಿ ನನ್ನದು ಕ್ಷೌರದಂಗಡಿ. ಎದುರಿಗೆ ನಾಂಗ್ ತಿನಾಯ್ ಅವರ ದಿನಸಿ ಅಂಗಡಿ. ಪಕ್ಕದಲ್ಲಿ ಪ್ರಾರ್ಥನಾ ಮಂದಿರ, ಅದರ ಆಚೆ ಬಾಸ್ಕೆಟ್‌ಬಾಲ್ ಅಂಗಳ. ಇಲ್ಲಿ ಏನೇ ನಡೆದರೂ ಒಂದೋ ನನ್ನ ಕನ್ನಡಿಯಲ್ಲಿ ಕಾಣುತ್ತದೆ, ಇಲ್ಲವೇ ತಿನಾಯ್ ಅವರ ಬಾಯಲ್ಲಿ ಕೇಳುತ್ತದೆ. ಆದ್ದರಿಂದ ನನ್ನ ಮಾತನ್ನು ನಂಬಬಹುದು.

ಪಿದ್ಯೊ ಪುಸ್ತಕ ಓದುವ ರೀತಿ ಬೇರೆಯಾಗಿತ್ತು. ನಾವು ಪುಸ್ತಕ ಓದಿ ಮುಚ್ಚಿಡುತ್ತೇವೆ. ಅವನಿಗೆ ಮುಚ್ಚಿದ ಮೇಲೆ ಶುರುವಾಗುತ್ತಿತ್ತು. ಮೊದಲು ತಂದದ್ದು ಮನೆಗೆಲಸದ ಯಂತ್ರಗಳು ಯಜಮಾನರ ಮೇಲೆ ತಿರುಗಿಬೀಳುವ ಕಾದಂಬರಿ. ಆರನೇ ಅಧ್ಯಾಯ ಮುಗಿಸಿ ಎದ್ದವನೇ ಅನ್ನ ಮಾಡುವ ಕುಕ್ಕರಿನ ವೈರು ಕಿತ್ತು ಬಾತುಕೋಳಿ ಗೂಡಿನ ಮೇಲೆ ಎಸೆದ. ರೊಸೆಂದಾ ಮೂರು ದಿನ ಇದ್ದಿಲೊಲೆ ಊದಿದಳು.

ಎರಡನೆಯದು ಕಾಲದಲ್ಲಿ ಹಿಂದಕ್ಕೆ ಹೋಗುವವನ ಕಥೆ. ಅದರಲ್ಲಿ ಯಾರೋ ಹೋಗಿ ನಾಯಕನ ಅಪ್ಪ ಅಮ್ಮ ಭೇಟಿಯಾಗದಂತೆ ತಡೆಯುತ್ತಾನಂತೆ. ಪಿದ್ಯೊ ಕೆಲಸ ಬಿಟ್ಟು ಸೀದಾ ಅತ್ತೆಯ ಮನೆಗೆ ಹೋದ.

"ಅತ್ತೆ, ಮಾವನ್ನ ಮೊದಲು ನೋಡಿದ್ದೆಲ್ಲಿ ನೀವು?"

"ಸೇತುವೆ ಹತ್ರ. ಯಾಕಪ್ಪಾ?"

"ಆ ಕಡೆ ಹೊಸಬರು ಯಾರಾದ್ರೂ ಓಡಾಡ್ತಾ ಇದ್ರೆ ನನಗೆ ತಿಳಿಸಿ. ನಿಮ್ಮ ಮಗಳ ಜೀವದ ಪ್ರಶ್ನೆ."

ಅತ್ತೆ ಆ ಸಂಜೆಯೇ ಮಗಳಿಗೆ ಫೋನ್ ಮಾಡಿ, "ಅವನು ಕುಡಿಯೋದು ಶುರು ಮಾಡಿದಾನಾ? ಇಲ್ಲ ಬಿಟ್ಟನಾ?" ಎಂದು ವಿಚಾರಿಸಿದರು.

ಷಡ್ಡಕ ಹೇಳಿದ್ದರಲ್ಲ, ಮನಸ್ಸಿಗೆ ಆದದ್ದನ್ನೆಲ್ಲ ಬರೆದಿಡಬೇಕು ಎಂದು? ಪಿದ್ಯೊ ಬರೆಯುತ್ತಿದ್ದ. ಬೇರೆ ನೋಟುಬುಕ್ಕು ತರುವ ಬದಲು, ಕೆಲಸಕ್ಕೆ ಒಯ್ಯುವ ಪುಸ್ತಕದ ಮುಂದಿನ ಹಾಳೆಗಳಲ್ಲಿ ಮೀಟರಿನ ವಿಷಯ, ಹಿಂದಿನ ಹಾಳೆಗಳಲ್ಲಿ ಕಾದಂಬರಿಯ ವಿಷಯ. ನಮ್ಮ ಬಾರಂಗಾಯ್‌ನ ಇತಿಹಾಸ ಕೆಟ್ಟದ್ದು ಈ ಮಿತವ್ಯಯದಿಂದ.

ಮೂರನೆಯದಾಗಿ ಅವನು ಹಸಿರು ರಟ್ಟಿನ ಪುಸ್ತಕ ಕೈಗೆತ್ತಿಕೊಂಡ. ಒಂದು ಶುಕ್ರವಾರ ಬೆಳಿಗ್ಗೆ ತಿನಾಯ್ ಅಂಗಡಿಯ ಮುಂದೆ ನಿಂತು ತಂಪು ಪಾನೀಯ ಕುಡಿದು, ನೋಟುಬುಕ್ಕನ್ನು ಬ್ರೆಡ್ಡಿನ ಡಬ್ಬದ ಮೇಲೆ ಮರೆತು, ಪಕ್ಕದ ಬಾರಂಗಾಯ್‌ಗೆ ಮೀಟರ್ ನೋಡಲು ಸೈಕಲ್ ತುಳಿದುಕೊಂಡು ಹೋದ.

ತಿನಾಯ್ ಅವರಿಗೆ ಪರರ ವಸ್ತು ಓದುವ ಅಭ್ಯಾಸವಿಲ್ಲ. ಅವರೇ ಎಷ್ಟೋ ಸಲ ಹೇಳಿದ್ದಾರೆ. ಆದರೆ ಆ ದಿನ ಗಾಳಿ ಬೀಸಿ ಪುಸ್ತಕ ತಾನಾಗಿಯೇ ತೆರೆದುಕೊಂಡಿತಂತೆ. ಐದು ನಿಮಿಷದಲ್ಲಿ ಅವರು ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಅರ್ಧ ಗಡ್ಡ ತೆಗೆದ ಗಿರಾಕಿಯೊಬ್ಬ ಕುರ್ಚಿಯಲ್ಲಿದ್ದ. ಮೂರು ಜನ ಬೆಂಚಿನ ಮೇಲಿದ್ದರು.

"ಕೇಳಿ, ಕೇಳಿ! ಪಿದ್ಯೊ ಬರೆದಿರೋದು. 'ನೀರು ಇನ್ನು ನಲವತ್ತು ದಿನಕ್ಕೆ ಮಾತ್ರ. ಪಾಪ, ಜನರಿಗೆ ಗೊತ್ತಿಲ್ಲ. ಮಕ್ಕಳು ಆಡುತ್ತಿದ್ದಾರೆ. ನನಗೆ ಊಟ ಸೇರಲಿಲ್ಲ.'"

"ಯಾವ ನೀರು?" ಎಂದ ಅರ್ಧ ಗಡ್ಡದವನು.

"ನೀರಿನ ಕಚೇರಿಯವನು ಇನ್ಯಾವ ನೀರಿನ ಬಗ್ಗೆ ಬರೀತಾನೆ? ಎಳನೀರಾ?"

"ಸುಮ್ನೆ ಗೀಚಿರ್ತಾನೆ ಬಿಡಿ, ನಾಂಗ್," ಎಂದೆ ನಾನು.

ತಿನಾಯ್ ಪುಸ್ತಕದ ಮುಂಭಾಗ ತಿರುಗಿಸಿದರು. "ಇದೇನು ಬರೆದಿದಾನೆ ನೋಡು. 'ಹದಿನಾಲ್ಕನೇ ಮನೆ, ಮೀಟರಿಗೆ ತುಕ್ಕು. ಹದಿನಾರನೇ ಮನೆ, ನಾಯಿ ಕಚ್ಚುತ್ತದೆ.' ಕಚ್ಚುತ್ತೋ ಇಲ್ವೋ?"

ಬೆಂಚಿನ ಮೇಲಿದ್ದ ಒಬ್ಬ ಪ್ಯಾಂಟು ಮಡಿಸಿ ಮೀನಖಂಡ ತೋರಿಸಿದ. ನಾಯಿ ನಿಜವಾದ ಮೇಲೆ ನೀರೂ ನಿಜವೇ. ಇಂಥ ತರ್ಕದ ಮುಂದೆ ಕ್ಷೌರಿಕ ಏನು ಮಾಡಲಾದೀತು?

ತಿನಾಯ್ ಮುಂದಕ್ಕೆ ಓದಿದರು. "'ಕ್ಯಾಪ್ಟನ್‌ಗೆ ಎಲ್ಲ ಗೊತ್ತು. ತನ್ನ ಕೋಣೆಯ ಕೆಳಗೆ ಗುಟ್ಟಾಗಿ ತೊಟ್ಟಿ ಇಟ್ಟುಕೊಂಡಿದ್ದಾನೆ. ಹೊರಗೆ ಮಾತ್ರ ಸಂತನ ಮುಖ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು.'"

ನಮ್ಮ ಬಾರಂಗಾಯ್‌ನ ಮುಖ್ಯಸ್ಥರನ್ನು ಕ್ಯಾಪ್ಟನ್ ಎನ್ನುತ್ತೇವೆ, ಎದುರಿಗೆ 'ಕಾಪ್'. ಕಾಪ್ ಮೆಲೆಸಿಯೊ ಮೂರು ಚುನಾವಣೆ ಗೆದ್ದವರು. ಅವರ ಮುಖ ಸಂತನಂತೆಯೇ ಇದೆ. ಮೆರವಣಿಗೆಯಲ್ಲಿ ಸಾನ್ ಬೆರ್ನಾಬೆಯ ವಿಗ್ರಹದ ಪಕ್ಕ ನಿಂತರೆ ಯಾರಿಗೆ ಮೇಣದಬತ್ತಿ ಹಚ್ಚಬೇಕೆಂದು ಮುದುಕಿಯರು ಗೊಂದಲಪಡುತ್ತಾರೆ.

"'ಡಾಕ್ಟರಮ್ಮನಿಗೆ ಅವನ ಮೇಲೆ ಮನಸ್ಸು. ಬೇಡ ತಾಯಿ, ಅವನು ಸರಿಯಿಲ್ಲ, ಎಂದು ಎಷ್ಟು ಸಲ ಹೇಳಿದೆ! ಕೇಳುತ್ತಾಳೆಯೇ?'"

"ಹೆಸುಸ್ ಮರಿಯೊಸೆಪ್! ಡಾಕ್ಟರ್ ಗ್ಲೋರಿಫೆ?" ಎಂದ ಅರ್ಧ ಗಡ್ಡದವನು, ಪೂರ್ತಿ ಎದ್ದು ನಿಂತು.

ತಿನಾಯ್ ಅವರ ಮುಖ ಹಬ್ಬದಂತೆ ಅರಳಿತ್ತು. ಆ ಹುರುಪಿನಲ್ಲಿಯೇ ಮುಂದಿನ ಸಾಲನ್ನೂ ಜೋರಾಗಿ ಓದಿಬಿಟ್ಟರು.

"'ಅಂಗಡಿಯ ಹೆಂಗಸು ಮನುಷ್ಯಳೇ ಅಲ್ಲ. ನನಗೆ ಮೊದಲಿನಿಂದಲೂ ಅನುಮಾನವಿತ್ತು. ಅಷ್ಟು ನಗುವವರನ್ನು ನಂಬಬಾರದು. ಕತ್ತಿನ ಹಿಂದೆ...'"

ನಿಲ್ಲಿಸಿದರು. ತಡವಾಗಿತ್ತು. ಬೆಂಚಿನವನು ಪುಸ್ತಕ ಕಿತ್ತುಕೊಂಡು ಮುಗಿಸಿದ: "'...ಕತ್ತಿನ ಹಿಂದೆ ಒಂದು ಮುಚ್ಚಳವಿದೆ.'"

ನಮ್ಮ ದ್ವೀಪದಲ್ಲಿ ಯಾರನ್ನಾದರೂ ಮನುಷ್ಯರಲ್ಲ ಎಂದರೆ ಅದು ಬೈಗುಳವಲ್ಲ, ದೂರು. ಹಗಲು ವ್ಯಾಪಾರ ಮಾಡಿ, ಕತ್ತಲಾದ ಮೇಲೆ ಸೊಂಟದಿಂದ ಮೇಲಿನ ಅರ್ಧ ಮಾತ್ರ ಹಾರಿಹೋಗುವ ಅಸ್ವಾಂಗ್‌ಗಳ ಲೆಕ್ಕ ಎಲ್ಲ ಅಜ್ಜಿಯರ ಬಳಿಯೂ ಇದೆ. ನಾಲ್ಕೂ ಜನ ಗೋಡೆಗೆ ಅಂಟಿಕೊಂಡರು.

"ನಾನು ಅಸ್ವಾಂಗಾ? ನಾನು?" ತಿನಾಯ್ ಕಿರುಚಿದರು. "ಮೂವತ್ತು ವರ್ಷದಿಂದ ನಿಮಗೆ ಸಾಲ... ಥೂ! ನೋಡ್ಕೊಳ್ಳಿ! ಏಯ್ ಕ್ಷೌರದವನೇ, ನೀನು ನೋಡು. ದಿನಾ ಕತ್ತು ನೋಡೋ ಕಸುಬು ನಿಂದು."

ನನ್ನ ವೃತ್ತಿಜೀವನದಲ್ಲಿ ಅಂಥ ಹೊಣೆ ಇನ್ನೊಂದು ಬಂದಿಲ್ಲ. ಕೂದಲೆತ್ತಿ ನೋಡಿದೆ. "ಮುಚ್ಚಳ ಇಲ್ಲ," ಎಂದೆ. "ಒಂದು ನರಹುಲಿ ಇದೆ."

"ಗುಂಡಿ ಇರ್ಬೋದು," ಎಂದ ಅರ್ಧ ಗಡ್ಡದವನು ದೂರದಿಂದ. "ಒತ್ತಿ ನೋಡು!"

ಒತ್ತಿದೆ. ಮುಚ್ಚಳ ತೆರೆದುಕೊಳ್ಳಲಿಲ್ಲ, ತಿನಾಯ್ ಅವರ ಕೈ ನನ್ನ ಕೆನ್ನೆಗೆ ಬಂತು. ಹೊಡೆತ ಮನುಷ್ಯರದ್ದೇ ಎಂದು ನಾನು ಅಲ್ಲಿಯೇ ಪ್ರಮಾಣಪತ್ರ ಕೊಟ್ಟೆ.

ಹತ್ತು ಗಂಟೆಯ ಹೊತ್ತಿಗೆ ಬಾರಂಗಾಯ್‌ನ ಇನ್ನೂರು ಮನೆಗಳಲ್ಲೂ ನಲ್ಲಿ ತಿರುವಿದ್ದರು. ಡ್ರಮ್ಮು, ಬಕೆಟ್ಟು, ಅಕ್ಕಿ ಪಾತ್ರೆ, ಮಗುವಿನ ಸ್ನಾನದ ತೊಟ್ಟಿ ಎನ್ನದೆ ತುಂಬಿದರು. ಒಬ್ಬರು ಹಳೆಯ ಫ್ರಿಜ್ಜನ್ನು ಅಂಗಾತ ಮಲಗಿಸಿ ಅದಕ್ಕೂ ನೀರು ಬಿಟ್ಟರು. ಇನ್ನೂರು ನಲ್ಲಿ ಒಟ್ಟಿಗೆ ತಿರುವಿದರೆ ಏನಾಗಬೇಕೋ ಅದೇ ಆಯಿತು. ಹತ್ತೂವರೆಗೆ ಮೇಲಿನ ಓಣಿಯ ನಲ್ಲಿಗಳು ಕೆಮ್ಮಿದವು, ಸೀನಿದವು, ನಿಂತವು.

"ನಲವತ್ತು ದಿನ ಅಂದಿದ್ದ! ನಲವತ್ತು ನಿಮಿಷ ಕೂಡ ಆಗ್ಲಿಲ್ಲ!" ಎಂದು ಮೇಲಿನ ಓಣಿಯವರು ಖಾಲಿ ಕೊಡ ಹಿಡಿದು ಇಳಿದರು. ಜನ ಎಲ್ಲ ಕಾಪ್ ಮೆಲೆಸಿಯೊ ಅವರ ಮನೆಯ ಮುಂದೆ ಸೇರಿದರು.

ಅಲ್ಲಿ ಅಷ್ಟರಲ್ಲೇ ಬೇರೊಂದು ಅಂಕ ನಡೆಯುತ್ತಿತ್ತು. ಕಾಪ್ ಅವರ ಹೆಂಡತಿ ಪೆರ್ಲಿತಾ, ಆರೋಗ್ಯ ಕೇಂದ್ರದಿಂದ ಡಾಕ್ಟರ್ ಗ್ಲೋರಿಫೆಯವರ ಕೈ ಹಿಡಿದು ಎಳೆದುಕೊಂಡು ಬಂದಿದ್ದರು. ಕಾಪ್ ಜಗುಲಿಯ ಮೇಲೆ ನಿಂತು, ಸಭೆಗಳಲ್ಲಿ ಬಳಸುವ ಧ್ವನಿವರ್ಧಕ ಹಿಡಿದು, "ಶಾಂತಿ, ಶಾಂತಿ," ಎನ್ನುತ್ತಿದ್ದರು.

"ಹೇಳಿ ಡಾಕ್ಟ್ರೇ!" ಎಂದರು ಪೆರ್ಲಿತಾ. "ಮಂಗಳವಾರ ಮಂಗಳವಾರ ನನ್ನ ಗಂಡ ಹಿಂದಿನ ಬಾಗಿಲಿಂದ ನಿಮ್ಮ ಹತ್ರ ಬರೋದು ಯಾಕೆ?"

ಡಾಕ್ಟರ್ ಗ್ಲೋರಿಫೆಯವರಿಗೆ ಐವತ್ತು ದಾಟಿದೆ. ತಾಳ್ಮೆ ಅದಕ್ಕೂ ಮೊದಲೇ ಮುಗಿದಿತ್ತು. "ರೋಗಿಯ ವಿಷಯ ಹೊರಗೆ ಹೇಳೋ ಹಾಗಿಲ್ಲ," ಎಂದರು.

"ಹೇಳಿಬಿಡಿ ಡಾಕ್ಟ್ರೇ, ಹೇಳಿಬಿಡಿ! ನನ್ನ ಸಂಸಾರ ಉಳಿಸಿ!" ಎಂದರು ಕಾಪ್, ಧ್ವನಿವರ್ಧಕವನ್ನು ಅವರ ಬಾಯಿಗೇ ಹಿಡಿದು.

"ಮೂಲವ್ಯಾಧಿ!"

ಸದ್ದು ಸೇತುವೆಯವರೆಗೂ ಹೋಯಿತು. ಪೆರ್ಲಿತಾ ಗಂಡನನ್ನು ಪ್ರೀತಿಯಿಂದ ನೋಡಿದರು. ಮೂರು ಚುನಾವಣೆ ಗೆದ್ದ ಕಾಪ್ ನೆಲ ನೋಡಿದರು.

ಇದೇ ಹೊತ್ತಿಗೆ ಪಕ್ಕದ ಬಾರಂಗಾಯ್‌ನಿಂದ ಪಿದ್ಯೊ ಸೈಕಲ್ ತಳ್ಳಿಕೊಂಡು ಬಂದ. ಜನ ಅವನನ್ನು ಮುತ್ತಿದರು.

"ಪಿದ್ಯೊ, ನೀನು ಬರೆದಿದ್ದೆಲ್ಲ ಓದಿದ್ವಿ! ನಲವತ್ತು ದಿನದ ನೀರು, ಕ್ಯಾಪ್ಟನ್, ಡಾಕ್ಟ್ರು, ಎಲ್ಲಾ!"

ಪಿದ್ಯೊನ ಮುಖದಲ್ಲಿ ಅಂಥ ಬೆಳಕನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. "ನೀವೂ ಓದಿದ್ರಾ? ಎಲ್ಲರೂ?"

"ಎಲ್ಲರೂ! ಕೊನೇ ಹಾಳೆ ತನಕ!"

"ಕೊನೇ ತನಕ! ನಾನಿನ್ನೂ ಇನ್ನೂರಾ ಹನ್ನೆರಡರಲ್ಲಿ ಇದೀನಿ. ಒಂದೇ ಒಂದು ವಿಷ್ಯ ಹೇಳಿ. ಕ್ಯಾಪ್ಟನ್ ಸಿಕ್ಕಿಬೀಳ್ತಾನಾ?"

"ಇವತ್ತೇ ಬೀಳ್ತಾನೆ!"

"ಬೀಳಬೇಕು!" ಪಿದ್ಯೊನ ಕಣ್ಣು ತುಂಬಿತು. "ಎಷ್ಟು ಜನರ ಬಾಯಿ ಒಣಗಿಸಿದ ಪಾಪಿ! ತೊಟ್ಟಿ ಅವನ ಕೋಣೆ ಕೆಳಗೇ ಇದೆ. ಮೇಲೆ ಹಲಗೆ ಮುಚ್ಚಿದಾನೆ. ಯಾರಾದ್ರೂ ಹೋಗಿ ಎತ್ತಿ ನೋಡ್ಬಾರ್ದಾ ಅಂತ ನಾನು ರಾತ್ರಿಯೆಲ್ಲಾ ಹೊರಳಾಡಿದೀನಿ!"

ಇಷ್ಟು ಸ್ಪಷ್ಟ ಸೂಚನೆ ಸಿಕ್ಕ ಮೇಲೆ ಜನ ನಿಲ್ಲುತ್ತಾರೆಯೇ? ಕಾಪ್ ಮಲಗುವ ಕೋಣೆ ಮಹಡಿಯ ಮೇಲಿದೆ. ಕೆಳಗೆ ಅವರ ಕಾಳಗದ ಹುಂಜಗಳ ಗೂಡುಗಳು, ಒಟ್ಟು ಮೂವತ್ತೆರಡು. ಗೂಡುಗಳ ಹಿಂದೆ ಹಲಗೆ. ಹಲಗೆ ಎತ್ತಿದರೆ, ನನ್ನ ಕತ್ತರಿಯಾಣೆ, ಒಂದು ನೀಲಿ ತೊಟ್ಟಿ! ಆಳೆತ್ತರದ್ದು, ತುಂಬಿ ತುಳುಕುತ್ತಿತ್ತು. ಅದಕ್ಕೆ ಮುಖ್ಯ ಕೊಳವೆಯಿಂದ ನೇರ ಪೈಪು. ಮೀಟರಿನ ಸುಳಿವೇ ಇಲ್ಲ. ಮೇಲಿನ ಓಣಿಯವರು ಬೇಸಿಗೆಯಲ್ಲಿ ಕೊಡ ಹೊತ್ತು ಅಲೆಯುತ್ತಿದ್ದಾಗ ಕಾಪ್ ಅವರ ಹುಂಜಗಳು ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದವು.

ಗಲಾಟೆಯಲ್ಲಿ ತೊಟ್ಟಿ ಕಂಡು ಬಾಯಿ ತೆರೆದು ನಿಂತವನು ಪಿದ್ಯೊ ಒಬ್ಬನೇ. "ಇದು... ಇದು ಹೇಗೆ ಇಲ್ಲಿ?" ಎಂದು ನನ್ನ ಭುಜ ಹಿಡಿದುಕೊಂಡ. "ನಾನು ಬರೆದಿದ್ದು ಆಕಾಶದ ಹಡಗಿನ ಕ್ಯಾಪ್ಟನ್ ಬಗ್ಗೆ! ಪುಟ ಎಂಬತ್ತೆಂಟು!"

ಯಾರೂ ನಂಬಲಿಲ್ಲ. "ಎಷ್ಟು ವಿನಯ ನೋಡಿ," ಎಂದರು.

ಕಾಪ್ ಮೆಲೆಸಿಯೊ ಮಾತ್ರ ಆ ಮಾತನ್ನು ಹಿಡಿದುಕೊಂಡರು. ಮುಳುಗುವವರಿಗೆ ಪುಟ ಎಂಬತ್ತೆಂಟೂ ಆಸರೆಯೇ. ಸೋಮವಾರ ಬೆಳಿಗ್ಗೆ ಅವರೇ ಪಿದ್ಯೊ ಮನೆಯಿಂದ ಹಸಿರು ಪುಸ್ತಕ ಎತ್ತಿಕೊಂಡು ಹೋದರು. ಬುಧವಾರ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ ಕರೆದರು. ನೀರಿನ ಕಚೇರಿಯ ಎಂಜಿನಿಯರೂ ಬಂದರು. ಪುಸ್ತಕದ ವಿಷಯದಲ್ಲಿ ತಜ್ಞ ಸಾಕ್ಷಿಯಾಗಿ ಹೆರ್ಮೊಹೆನೆಸ್ ಮೇಷ್ಟ್ರನ್ನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂರಿಸಲಾಯಿತು.

"ಮೇಷ್ಟ್ರೇ," ಎಂದರು ಕಾಪ್, "ನೀವು ಮೂರು ಸಲ ಓದಿದ ಪುಸ್ತಕ ಇದು. ಇದರಲ್ಲಿ ಕ್ಯಾಪ್ಟನ್ ಒಬ್ಬ ಇದಾನೆ, ತೊಟ್ಟಿ ಬಚ್ಚಿಡ್ತಾನೆ. ಇದು ಬರೀ ಕಥೆ ಅಂತ ಜನಕ್ಕೆ ತಿಳಿಸಿ ಹೇಳಿ."

ಹೆರ್ಮೊಹೆನೆಸ್ ಗಂಟಲು ಸರಿಮಾಡಿಕೊಂಡರು. ಮೀಟರ್ ಓದುವವನಿಗೆ ಕಂಡದ್ದನ್ನೇ ತಾವೂ ಕಂಡೆವೆಂದರೆ ಮರ್ಯಾದೆಯೇನು ಉಳಿದೀತು? "ಕ್ಯಾಪ್ಟನ್? ತೊಟ್ಟಿ?" ಎಂದು ಕರುಣೆಯಿಂದ ನಕ್ಕರು. "ಆ ಪುಸ್ತಕದಲ್ಲಿ ಕ್ಯಾಪ್ಟನ್ನೇ ಇಲ್ಲ. ಅದು ಮನುಷ್ಯನ ಒಂಟಿತನದ ಬಗ್ಗೆ. ಇಂಥ ಚಿಲ್ಲರೆ ವಿಷಯ ಅದರಲ್ಲಿ ಬರೋದಿಲ್ಲ."

ಕಾಪ್ ಹಸಿರು ಪುಸ್ತಕ ಎಳೆದುಕೊಂಡರು. "ಇಲ್ವಾ? ಇಲ್ವೇನ್ರೀ?" ಪುಸ್ತಕ ತೆರೆದು ಎಂಬತ್ತೆಂಟನೇ ಪುಟವನ್ನು ಧ್ವನಿವರ್ಧಕದಲ್ಲಿ ಓದಿದರು. ಮೊದಲ ಸಾಲಿನ ಮೊದಲ ಪದವೇ ಕ್ಯಾಪ್ಟನ್. ಎರಡನೇ ಸಾಲಿನಲ್ಲಿ ತೊಟ್ಟಿ. ತೊಂಬತ್ತರಲ್ಲಿ ಡಾಕ್ಟರಮ್ಮ. ತೊಂಬತ್ತೇಳರಲ್ಲಿ ಕತ್ತಿನ ಮುಚ್ಚಳ. ಆ ಸಾಲು ಬಂದಾಗ ತಿನಾಯ್ ಎದ್ದು ನಿಂತು ನಾಲ್ಕು ದಿಕ್ಕಿಗೂ ಬೆನ್ನು ತಿರುಗಿಸಿ ತೋರಿಸಿದರು.

ಹೆರ್ಮೊಹೆನೆಸ್ ಎದ್ದು ಹೊರಡಲು ನೋಡಿದರು. ಅವರ ಹೆಂಡತಿ ಮಿಲಾಗ್ರೊಸ್ ಅಂಗಿಯ ತುದಿ ಹಿಡಿದರು.

"ಮೂರು ಬೇಸಿಗೆ ರಜ, ರೀ! ಮೂರು! 'ನಾನು ಆ ಪುಸ್ತಕ ಓದ್ತಾ ಇದೀನಿ, ಸಮುದ್ರಕ್ಕೆ ಬರೋಕಾಗಲ್ಲ' ಅಂತ ಬಾಗಿಲು ಹಾಕ್ಕೊಂಡ್ರಲ್ಲ, ಒಳಗೆ ಏನು ಮಾಡ್ತಿದ್ರಿ?"

"ನಿದ್ದೆ," ಎಂದರು ಮೇಷ್ಟ್ರು. ಅವರು ಆ ದಿನ ಹೇಳಿದ ನಿಜ ಅದೊಂದೇ.

ಕಾಪ್ ಗೆದ್ದ ಕುಸ್ತಿಪಟುವಿನಂತೆ ಕೈ ಎತ್ತಿದರು. "ನೋಡಿದ್ರಲ್ಲಾ? ಎಲ್ಲಾ ಪುಸ್ತಕದ್ದು! ಪಿದ್ಯೊ ಬರೆದದ್ದರಲ್ಲಿ ನನ್ನ ವಿಷಯ ಒಂದಕ್ಷರ ಇಲ್ಲ!"

"ಸರಿ ಕಾಪ್," ಎಂದರು ಎಂಜಿನಿಯರು ನಿಧಾನವಾಗಿ. "ಪುಸ್ತಕದ ತೊಟ್ಟಿ ಪುಸ್ತಕದಲ್ಲಿರಲಿ. ಹುಂಜದ ಗೂಡಿನ ಹಿಂದಿರೋ ತೊಟ್ಟಿ ಎಷ್ಟನೇ ಪುಟದ್ದು?"

ಅಂಗಳ ನಕ್ಕಿತು. ಕಾಪ್ ಎತ್ತಿದ ಕೈಯಲ್ಲೇ ತಲೆ ಕೆರೆದುಕೊಂಡರು.

ಎಂಜಿನಿಯರು ಪಿದ್ಯೊ ಕಡೆ ತಿರುಗಿದರು. ರೊಸೆಂದಾ ಜಪಮಣಿ ಗಟ್ಟಿಯಾಗಿ ಹಿಡಿದಳು. ಪಿದ್ಯೊನ ಕೆಲಸ ಆ ಕ್ಷಣದಲ್ಲಿ ಒಂದು ಎಳೆಯಲ್ಲಿ ನೇತಾಡುತ್ತಿತ್ತು.

"ಎಂಟು ವರ್ಷದಿಂದ ಈ ಮನೆ ಮುಂದೆ ಓಡಾಡ್ತೀಯಾ. ಆ ಪೈಪು ನಿನ್ನ ಕಣ್ಣಿಗೆ ಬೀಳಲೇ ಇಲ್ವಾ?"

"ಸರ್," ಎಂದ ಪಿದ್ಯೊ, "ನಾನು ಮೀಟರ್ ಓದೋನು. ಮೀಟರೇ ಇಲ್ಲದ ಕಡೆ ನಾನು ಏನು ಅಂತ ಓದ್ಲಿ?"

ಇದಕ್ಕೆ ಉತ್ತರ ಎಂಜಿನಿಯರ ಕಚೇರಿಯ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಕೊನೆಗೆ, "ಇನ್ನು ಮೇಲೆ ಅಲ್ಲೂ ಒಂದು ಮೀಟರ್ ಇರುತ್ತೆ. ಓದು," ಎಂದು ಎದ್ದರು. ಪೈಪು ಕತ್ತರಿಸಿದರು. ನೀಲಿ ತೊಟ್ಟಿಯನ್ನು ಎಂಟು ಜನ ಹೊತ್ತು ಮೇಲಿನ ಓಣಿಯಲ್ಲಿ ಇಟ್ಟರು. ಹುಂಜಗಳು ನಮ್ಮ ನಿಮ್ಮಂತೆ ಕೊಳಕಾದವು. ಷಡ್ಡಕರು ಕ್ರಿಸ್ಮಸ್ಸಿನವರೆಗೂ ಯಾರ ಮನೆಗೂ ಊಟಕ್ಕೆ ಬರಲಿಲ್ಲ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹಸಿರು ಪುಸ್ತಕ ಕಾಪ್ ಮನೆಯಲ್ಲೇ ಉಳಿದಿತ್ತು. ತಾವು ನಿರಪರಾಧಿ ಎಂದು ತೋರಿಸಲು ಓದಲು ಕೂತವರು ಪೂರ್ತಿ ಓದದೆ ಬಿಡಲಾರೆ ಎಂದರು. ಪಿದ್ಯೊಗೂ ಇನ್ನೂರಾ ಹನ್ನೆರಡರಿಂದ ಮುಂದೆ ಏನಾಯಿತೆಂದು ತಿಳಿಯದೆ ಅನ್ನ ಸೇರದು. ಲೈಬ್ರರಿಯಲ್ಲಿ ಇದ್ದದ್ದು ಒಂದೇ ಪ್ರತಿ. ಮುಂದಿನ ತಿಂಗಳು ಹೊಸ ಮೀಟರ್ ನೋಡಲು ಹೋದ ಪಿದ್ಯೊ, ಗೇಟಿನಲ್ಲಿ ನಿಂತು ಅಂಕಿ ಬರೆದುಕೊಂಡು, ತಲೆ ತಗ್ಗಿಸಿ, "ಕಾಪ್, ಎಷ್ಟನೇ ಪುಟ?" ಎಂದು ಕೇಳಿದ. ಒಳಗೆ ಕರೆದರು. ಬಾಗಿಲು ಹಾಕಿಕೊಂಡಿತು.

ಪೆರ್ಲಿತಾ ಓಡಿಬಂದು ನಮಗೆ ತಿಳಿಸಿದರು. "ಮೀಟರ್ ವಿಷಯಕ್ಕೆ ಹೊಡೆದಾಡ್ತಾ ಇದಾರೆ! ಬನ್ನಿ!" ನಾನು ಕ್ಷೌರದ ಕತ್ತಿ ಹಿಡಿದೇ ಓಡಿದೆ. ತಿನಾಯ್ ಅಂಗಡಿಯನ್ನು ತೆರೆದೇ ಬಿಟ್ಟು ಬಂದರು. ಮುಚ್ಚಿದ ಬಾಗಿಲ ಒಳಗಿನಿಂದ ಕೂಗಾಟ ಕೇಳಿಸುತ್ತಿತ್ತು.

"ಅವಳು ಕ್ಷಮಿಸಬಾರದಿತ್ತು ಅಂತೀನಿ!"

"ಕ್ಷಮಿಸಲೇಬೇಕಿತ್ತು, ಪಿದ್ಯೊ! ಅವನೂ ಮನುಷ್ಯ ಅಲ್ವೇನೋ!"

ಆಮೇಲೆ ಸದ್ದಿಲ್ಲ. ಗಂಟೆಗಟ್ಟಲೆ ಸದ್ದಿಲ್ಲ. ಅಂಗಳದಲ್ಲಿ ಮೂವತ್ತು ಜನ ಕಾಯುತ್ತ ನಿಂತೆವು. ಕೊನೆಗೆ ಬಾಗಿಲು ತೆರೆಯಿತು. ಪಿದ್ಯೊ ಒಬ್ಬನೇ ಹೊರಬಂದ. ಟೋಪಿ ಕೈಯಲ್ಲಿತ್ತು. ಕಣ್ಣು ಕೆಂಡದಂತೆ ಕೆಂಪಾಗಿತ್ತು.

"ಏನಾಯ್ತು ಪಿದ್ಯೊ?" ಎಂದರು ಪೆರ್ಲಿತಾ.

ಪಿದ್ಯೊ ಅವರ ಕೈ ಹಿಡಿದುಕೊಂಡ. "ಮುಗೀತು, ನಾಂಗ್. ಕ್ಯಾಪ್ಟನ್ ಹೋಗ್ಬಿಟ್ರು."

ಪೆರ್ಲಿತಾ ಕಿರುಚಿ ನನ್ನ ಮೇಲೆ ಬಿದ್ದರು. ಹೆಂಗಸರು ಗೋಳಾಡಿದರು. ತಿನಾಯ್ ಪ್ರಾರ್ಥನಾ ಮಂದಿರಕ್ಕೆ ಓಡಿ ಸಾವಿನ ಗಂಟೆಯ ಹಗ್ಗ ಎಳೆಯತೊಡಗಿದರು. ನಾವು ಗಂಡಸರು ಟೋಪಿ ತೆಗೆದು ಎದೆಗೆ ಇಟ್ಟುಕೊಂಡೆವು. ಆಗ ಕಾಪ್ ಮೆಲೆಸಿಯೊ ಮೂಗು ಒರೆಸಿಕೊಳ್ಳುತ್ತ, ಹಸಿರು ಪುಸ್ತಕವನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದರು. ಗೋಳಾಡುತ್ತಿದ್ದ ಹೆಂಗಸರನ್ನು ನೋಡಿದರು. ಗಂಟೆಗೆ ಕಿವಿಗೊಟ್ಟರು. ಅವರ ಮುಖ ಕೃತಜ್ಞತೆಯಿಂದ ತುಂಬಿಬಂತು.

"ಗಂಟೆ ಹೊಡೆಸಿದ್ದು ಒಳ್ಳೇದಾಯ್ತು," ಎಂದರು. "ಪಾಪ, ಆಕಾಶದಲ್ಲಿ ಅವನಿಗೆ ಒಂದು ಗಂಟೆ ಹೊಡೆಯೋರೂ ಇರಲಿಲ್ಲ."